ಪದಚರ್ಚೆ: ಶ್ವಾಸಕೋಶದ ‘ಇಂಟರ್‌ಸ್ಟಿಷಿಯಲ್’ ಅಂದರೆ ಸಂದೋ, ಎಡೆಯೋ?

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ನಮ್ಮ ಮಾವನ ಸ್ಕ್ಯಾನ್ ವರದಿಯಲ್ಲಿ ‘ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್’ ಅಂತ ಇತ್ತು. “ಇದು ಎಂತ ಮಾರಾಯಾ?” ಅಂತ ಕೇಳಿದರು. ಮಾವ ಮುರಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಕಲ್ಲು ಕಲ್ಲಿನ ನಡುವೆ ಗಾರೆ ತುಂಬುತ್ತೀರಲ್ಲ, ಹಾಗೆ ಶ್ವಾಸಕೋಶದ ಗಾಳಿಗೂಡುಗಳ ನಡುವೆಯೂ ಒಂದು ಜಾಗ ಇದೆ ಅಂದೆ. “ಓ, ಸಂದು” ಅಂದರು.

ಪದ ನನಗೆ ತುಂಬ ಹಿಡಿಸಿತು. ಮನೆಯವರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯಲು ಕೂತಾಗ ತೊಡಕು ಗೊತ್ತಾಯಿತು. ‘ಸಂದಿನ ಕಾಯಿಲೆ’ ಅಂತ ಓದಿದ ಅತ್ತೆ ಗಂಟುನೋವು ಅಂದುಕೊಂಡರು. ‘ಸಂದುನೋವು’ ಅನ್ನುತ್ತೇವಲ್ವಾ? ರುಮಟಾಯ್ಡ್ ಸಂಧಿವಾತ ಇರುವವರಿಗೆ ಈ ಶ್ವಾಸಕೋಶದ ಕಾಯಿಲೆಯೂ ಬರುವುದುಂಟು. ಹಾಗಾಗಿ ಈ ಗೊಂದಲವನ್ನು ಸುಮ್ನೆ ಬಿಡುವ ಹಾಗಿಲ್ಲ.

ಬೇರೆ ಪದಗಳನ್ನೂ ನೋಡಿದೆ. ‘ತೆರಪು’ ಅಂದರೆ ಖಾಲಿ ಅನ್ನಿಸುತ್ತದೆ. ‘ಅಂತರಾಳ’ ಅಂದರೆ ಮನಸ್ಸಿನ ಒಳಗು. ಈ ಜಾಗ ಖಾಲಿ ಅಲ್ಲ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಕೆಲವು ಕಡೆ 1 ಮೈಕ್ರೋಮೀಟರಿಗಿಂತ ತೆಳು. ಆದರೂ ಇಲ್ಲಿ ಫೈಬ್ರೊಬ್ಲಾಸ್ಟ್ ಅನ್ನುವ ಜೀವಕೋಶಗಳು ನಾರು ನೇಯುತ್ತವೆ. ಹಿಗ್ಗಿದ ಶ್ವಾಸಕೋಶ ಮತ್ತೆ ಕುಗ್ಗಲು ಆ ನಾರು ನೆರವಾಗುತ್ತದೆ. ಗಾಯವಾದಾಗ ಕೆಲವು ಫೈಬ್ರೊಬ್ಲಾಸ್ಟ್‌ಗಳು ಮಯೋಫೈಬ್ರೊಬ್ಲಾಸ್ಟ್ ಅನ್ನುವ ಇನ್ನೊಂದು ಬಗೆಯ ಜೀವಕೋಶವಾಗಿ, ನಾರು ಜಾಸ್ತಿ ಹಾಕಿ ಗಾಯ ಮುಚ್ಚುತ್ತವೆ. ಮಾಯ್ದ ಮೇಲೆ ಅವು ಇಲ್ಲವಾಗಬೇಕು. ಕೆಲವರಲ್ಲಿ ಉಳಿದುಬಿಡುತ್ತವೆ. ನಾರು ದಪ್ಪವಾಗಿ ಶ್ವಾಸಕೋಶ ಬಿರುಸಾಗುತ್ತದೆ, ಆಮ್ಲಜನಕ ರಕ್ತಕ್ಕೆ ಸರಿಯಾಗಿ ದಾಟುವುದಿಲ್ಲ. ಮಾವನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಇದಕ್ಕೇ.

ಅದೇ ಜಾಗದಲ್ಲಿ ಟೆಲೋಸೈಟ್ ಅನ್ನುವ ಜೀವಕೋಶಗಳೂ ಇವೆ. 2010ರಲ್ಲಿ ರೊಮೇನಿಯಾದ ವಿಜ್ಞಾನಿ ಪೊಪೆಸ್ಕು ಮತ್ತು ಜೊತೆಗಾರರು ಕೊಟ್ಟ ಹೆಸರು. ಕೋಶದ ಮೈ ಸಣ್ಣದು. ಅದರಿಂದ ಹೊರಟ ಎಳೆಗಳು ತುಂಬ ಉದ್ದ, ಮಣಿ ಪೋಣಿಸಿದ ಹಾಗೆ ನಡುನಡುವೆ ಉಬ್ಬಿರುತ್ತವೆ. ಆಲದ ಬಿಳಲು ನೆನಪಾಗಿ ನಾನು ‘ಬಿಳಲುಕೋಶ’ ಅಂತ ಬರೆದಿದ್ದೇನೆ. ಒಪ್ಪುತ್ತೀರಾ?

ಇನ್ನೊಂದು ತೊಂದರೆ: ‘ಶ್ವಾಸಕೋಶದ ಕೋಶ’. ಮೊದಲ ಕೋಶ ಚೀಲ, ಎರಡನೆಯದು ಜೀವಕೋಶ. ಎರಡನೆಯದನ್ನು ‘ಜೀವಕೋಶ’ ಅಂತ ಪೂರ್ತಿ ಬರೆಯುವುದೇ ಸರಿ ಅಂತ ನನಗನ್ನಿಸುತ್ತದೆ.

‘ಇಂಟರ್‌ಸ್ಟಿಷಿಯಲ್’ಗೆ ಸದ್ಯಕ್ಕೆ ‘ಎಡೆ’ ಇಟ್ಟುಕೊಂಡಿದ್ದೇನೆ: ಎಡೆಯ ಜೀವಕೋಶ, ಎಡೆಯ ಕಾಯಿಲೆ. ದೇವರಿಗಿಡುವ ಎಡೆ ಇಲ್ಲಿ ಅಡ್ಡ ಬರಲಾರದು. ಆದರೂ ಗೋಡೆ ಕೆಲಸ ಬಲ್ಲವರು ನಿಮ್ಮಲ್ಲಿದ್ದರೆ ಒಂದು ಮಾತು ತಿಳಿಸಿ. ಬರಿಯ ಸಂದಿಗಲ್ಲ, ಗಾರೆ ತುಂಬಿದ ಸಂದಿಗೇ ನಿಮ್ಮ ಕಡೆ ಬೇರೆ ಹೆಸರು ಇದೆಯಾ?