ಅಡಿಕೆ ಸಿಪ್ಪೆ ರಾಶಿಗೆ ಏನು ಮಾಡೋಣ? ಅನುಭವ ಇದ್ದವರು ಹೇಳಿ

ಶಿರಸಿ ಹತ್ತಿರದ ಹಳ್ಳಿಯಿಂದ:
ನಮ್ಮದು ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಮೂರು ದನ. ಕೊಯ್ಲು ಮುಗಿಯುವಷ್ಟರಲ್ಲಿ ಅಂಗಳದ ಪಕ್ಕ ಸಿಪ್ಪೆಯ ಗುಡ್ಡೆಯೇ ಬೀಳುತ್ತದೆ. ಹಾಳೆ (ಸೋಗೆಯ ಬುಡದ ಅಗಲ ಪೊರೆ), ಸೋಗೆ (ಅಡಿಕೆಯ ಗರಿ) ಬೇರೆ. ಗೋಬರ್ ಗ್ಯಾಸಿಗೆ ಸಿಪ್ಪೆಯನ್ನೂ ಹಾಕಿ ಅಂತಾರೆ ಒಬ್ಬರು. ಸಿಪ್ಪೆ ಪುಡಿಯನ್ನು ಒತ್ತಿ ಉರುವಲು ಗಟ್ಟಿ ಮಾಡುವ ಬ್ರಿಕೆಟ್ ಯಂತ್ರ ತನ್ನಿ ಅಂತಾರೆ ಇನ್ನೊಬ್ಬರು. ದುಡ್ಡು ಯಾವುದಕ್ಕೆ ಹಾಕೋದು?

ಸಿದ್ದಾಪುರದಿಂದ:
ತಮ್ಮಾ, ಸಿಪ್ಪೆಯನ್ನು ಗ್ಯಾಸ್ ಗುಂಡಿಗೆ ಹಾಕಲೇಬೇಡ. ಅದು ಬರೀ ನಾರು, ಲಿಗ್ನಿನ್ (ನಾರು, ಕಟ್ಟಿಗೆಗೆ ಗಟ್ಟಿತನ ಕೊಡುವ ವಸ್ತು) ಜಾಸ್ತಿ. ಗಾಳಿ ಇಲ್ಲದ ಗುಂಡಿಯಲ್ಲಿ ಲಿಗ್ನಿನ್ ಕೊಳೆಯುವುದಿಲ್ಲ. ಸಿಪ್ಪೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ, ಗ್ಯಾಸ್ ಬರುವುದೇ ಕಡಿಮೆಯಾಗುತ್ತದೆ.

ಗುಂಡಿಗೆ ಸಗಣಿಯೇ ಸಾಕು. 25 ಕೆ.ಜಿ. ಸಗಣಿಗೆ ಅಷ್ಟೇ ನೀರು ಕಲಸಿ ಬಿಟ್ಟರೆ ಸುಮಾರು 1 ಘನ ಮೀಟರ್ ಗ್ಯಾಸ್ ಸಿಗುತ್ತದೆ. ಅದು ಹೆಚ್ಚುಕಡಿಮೆ 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ದೊಡ್ಡ ಹಸು ದಿನಕ್ಕೆ 10 ಕೆ.ಜಿ. ಆಸುಪಾಸು ಸಗಣಿ ಹಾಕುತ್ತದೆ, ನಮ್ಮ ಕುಳ್ಳ ತಳಿ ಮಲೆನಾಡು ಗಿಡ್ಡ ಅದಕ್ಕಿಂತ ಕಡಿಮೆ. ಮೂರು ದನಕ್ಕೆ ಚಿಕ್ಕ ಘಟಕವೇ ಸರಿ. ದೊಡ್ಡದು ಕಟ್ಟಿಸಿ ಅರೆಹೊಟ್ಟೆಯಲ್ಲಿ ಇಡುವುದು ಯಾಕೆ?

ನನ್ನ ಪ್ರಕಾರ ಗ್ಯಾಸಿಗಿಂತ ದೊಡ್ಡ ಲಾಭ ಸ್ಲರಿಯದು, ಅಂದರೆ ಗ್ಯಾಸ್ ಬಂದ ಮೇಲೆ ಗುಂಡಿಯಿಂದ ಹೊರಬರುವ ಸಗಣಿ ರಾಡಿಯದು. ಸಿಪ್ಪೆಗೂ ಅದೇ ಮದ್ದು. ನೆರಳಿನಲ್ಲಿ ಸಿಪ್ಪೆಯನ್ನು ಒಂದು ಗೇಣು ದಪ್ಪ ಹರಡು, ಮೇಲೆ ಸ್ಲರಿ ಸುರಿ. ಮತ್ತೆ ಸಿಪ್ಪೆ, ಮತ್ತೆ ಸ್ಲರಿ. ಎದೆಮಟ್ಟ ಆದಮೇಲೆ ಸೋಗೆ ಮುಚ್ಚು. ಒಳಗೆ ಕೈ ಹಾಕಿದರೆ ಬಿಸಿ ತಾಗಬೇಕು. ಬಿಸಿ ಇಳಿದಾಗ ಮಗುಚಿ ಹಾಕು, ಒಣಗಿದ್ದರೆ ನೀರು ಚಿಮುಕಿಸು. ಎರೆಹುಳು ಬಿಡುವುದಾದರೆ ರಾಶಿ ಪೂರ್ತಿ ತಣಿದ ಮೇಲೆ. ಒಂದು ಎಳೆ ನಾರು ತೆಗೆದು ಎಳೆದು ನೋಡು. ಸುಮ್ನೆ ತುಂಡಾದರೆ ಗೊಬ್ಬರ ಆಗಿದೆ. ಜಗ್ಗಿದರೂ ಹರಿಯದಿದ್ದರೆ ಇನ್ನೂ ಕಾಯಬೇಕು. ಕೊಳೆರೋಗ ಬಂದು ಉದುರಿದ ಕಾಯಿಯನ್ನು ಮಾತ್ರ ಈ ರಾಶಿಗೆ ಸೇರಿಸಬೇಡ. ಹೆಕ್ಕಿ ಬೇರೆಯೇ ಸುಟ್ಟುಬಿಡು.

ಕುಮಟಾದಿಂದ:
ಬ್ರಿಕೆಟ್ ಬಗ್ಗೆ ನಾನು ಹೇಳ್ತೇನೆ. ಪುಡಿ ಮಾಡಿದ ಮಾಲಿನಲ್ಲಿ ತೇವ ಶೇ. 10ರ ಆಸುಪಾಸು ಇರಬೇಕು. ಜಾಸ್ತಿಯಾದರೆ ಬ್ರಿಕೆಟ್ ಬಿರಿದು ಪುಡಿಯಾಗುತ್ತದೆ. ನಮ್ಮ ಜೂನ್–ಸೆಪ್ಟೆಂಬರ್ ಮಳೆಯಲ್ಲಿ ಅಷ್ಟು ಒಣಗಿಸೋದು ಎಲ್ಲಿ? ಜೊತೆಗೆ ಯಂತ್ರಕ್ಕೆ ವರ್ಷವಿಡೀ ಮಾಲು ಬೇಕು. ಸಾ ಮಿಲ್ಲಿನ ಹೊಟ್ಟು ಕೈಗೆ ಸಿಗುವವರಿಗೆ ಸರಿ, ಒಂದು ಮನೆಯ ಸಿಪ್ಪೆಗೆ ಸಾಲುವ ಕೆಲಸ ಅಲ್ಲ. ಹತ್ತು ಮನೆ ಸೇರಿದರೆ ಯೋಚಿಸಬಹುದು.

ಇನ್ನೊಂದು ಮಾತು. ಗೇರು ಬೀಜದ ಸಿಪ್ಪೆ ಅಗ್ಗಕ್ಕೆ ಸಿಗುತ್ತದೆ ಅಂತ ಮನೆ ಒಲೆಗೆ ಹಾಕಬೇಡಿ. ಅದರ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣು ಗಂಟಲು ಹಿಡಿಯುತ್ತದೆ. ಎಣ್ಣೆ ತೆಗೆದು ಉಳಿದ ಹಿಂಡಿ ಕಾರ್ಖಾನೆ ಬಾಯ್ಲರಿಗೆ ಹೋಗುತ್ತದೆ. ಅದು ಅಲ್ಲೇ ಇರಲಿ.

ಯಲ್ಲಾಪುರದಿಂದ:
ಹಾಳೆಯನ್ನು ಸುಡಬೇಡಿ. ಒಳ್ಳೆ ಹಾಳೆಯನ್ನು ತಟ್ಟೆ ಮಾಡುವವರು ಕೊಳ್ಳುತ್ತಾರೆ. ಆದರೆ ಅಮೆರಿಕದ ರಫ್ತು ನಂಬಿ ಸಾಲ ಮಾಡುವುದು ಬೇಡ. 2025ರ ಮೇನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ ಆಹಾರಕ್ಕೆ ಬಳಸುವಂತಿಲ್ಲ ಎಂದು ಆಮದಿಗೆ ತಡೆ ಹಾಕಿದೆ. ಬೂಸಲು ಹಿಡಿಯದ ಹಾಳೆಯನ್ನು ಕತ್ತರಿಸಿ ದನಕ್ಕೂ ಹಾಕಬಹುದು. ಬೇಸಿಗೆಯಲ್ಲಿ ಮೇವಿಗೆ ಆಸರೆ.

ಶಿರಸಿ ಹತ್ತಿರದ ಹಳ್ಳಿಯಿಂದ:
ಎಲ್ಲರಿಗೂ ಧನ್ಯವಾದ. ಯಂತ್ರದ ಆಸೆ ಬಿಟ್ಟೆ. ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ ಬಹಳ ಬೇಕಾಗುತ್ತದೆ. ಅದಕ್ಕೆ ಸಿಪ್ಪೆ ಆಗ್ತದಾ? ಬೆಟ್ಟದ ದರಕನ್ನೂ (ಒಣಗಿ ಉದುರಿದ ಎಲೆ) ತಂದು ಉರಿಸಿದರೆ ಹೇಗೆ?

ಸಿದ್ದಾಪುರದಿಂದ:
ಸಿಪ್ಪೆ ಆಗ್ತದೆ, ಚೆನ್ನಾಗಿ ಒಣಗಿದ್ದರೆ ಮಾತ್ರ. ಹಸಿ ಸಿಪ್ಪೆ ಬರೀ ಹೊಗೆ. ಒಲೆಗೆ ಅಡಿಯಲ್ಲಿ ಕಬ್ಬಿಣದ ಜಾಲಿ, ಹಿಂದೆ ಚಿಮಣಿ ಇರಲಿ. ಜಾಲಿಯ ಕೆಳಗಿಂದ ಗಾಳಿ ಎಳೆದರೆ ಉರಿ ನೇರ ಹಂಡೆಯ ತಳಕ್ಕೆ ತಾಗುತ್ತದೆ, ಕಟ್ಟಿಗೆ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆಯಲ್ಲೂ ಇದೇ ಉಪಾಯ.

ದರಕು ಮಾತ್ರ ಬೇಡ. ಅದು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ ತೋಟದ ಬುಡಕ್ಕೆ ಹೋಗಬೇಕಾದದ್ದು. ಬೆಟ್ಟದಲ್ಲೂ ಒಂದಷ್ಟು ಬಿಟ್ಟೇ ಬಾ, ಅಲ್ಲಿನ ಮಣ್ಣಿಗೂ ಹೊದಿಕೆ ಬೇಕಲ್ವಾ? ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ. ಚೀಲಕ್ಕೆ ತುಂಬಿ ಮಳೆ ತಾಗದ ಜಾಗದಲ್ಲಿಡು, ಒದ್ದೆಯಾದರೆ ತೊಳೆದು ಹೋಗುತ್ತದೆ. ಗೊಬ್ಬರ ಹಾಕುವಾಗ ಮರದ ಸುತ್ತ ತೆಳ್ಳಗೆ ಉದುರಿಸು.