ಅಪ್‌ಡೇಟ್: ಚಾನೆಲ್ ಬದಲಾದಾಗ ಕರೆಂಟ್ ಜಿಗಿಯುತ್ತಿದ್ದ ಸಮಸ್ಯೆ ಬಗೆಹರಿಯಿತು

ಬಳ್ಳಾರಿಯ ನಮ್ಮ ಲ್ಯಾಬ್‌ನಲ್ಲಿ ಒಂದೇ ಪೊಟೆನ್ಷಿಯೊಸ್ಟಾಟ್‌ಗೆ (ಸೆಲ್‌ನ ವೋಲ್ಟೇಜ್ ಹಿಡಿದಿಟ್ಟು ಕರೆಂಟ್ ಅಳೆಯುವ ಯಂತ್ರ) ಮಲ್ಟಿಪ್ಲೆಕ್ಸರ್ (ಅದನ್ನು ಸರದಿಯಂತೆ ಒಂದೊಂದು ಸೆಲ್‌ಗೆ ಜೋಡಿಸುವ ಪೆಟ್ಟಿಗೆ) ಹಾಕಿ, 8 ಸೆಲ್‌ಗಳಲ್ಲಿ ತುಂಗಭದ್ರಾ ನೀರಿನಲ್ಲಿಟ್ಟ ಉಕ್ಕಿನ ತುಕ್ಕು ಅಳೆಯುತ್ತಿದ್ದೇವೆ, ಚಾನೆಲ್ ಬದಲಾದ ಕೂಡಲೇ ಕರೆಂಟ್ ಜಿಗಿಯುತ್ತದೆ ಅಂತ ಕೇಳಿದ್ದೆ ಅಲ್ವಾ? ಈಗ ನಿಂತಿದೆ.

ಕೇಬಲ್ ಸಡಿಲ ಇರಬೇಕು ಅಂದವರೇ ಜಾಸ್ತಿ. ಕೇಬಲ್ ಗಟ್ಟಿಯಾಗಿಯೇ ಇತ್ತು. ಉಪಕರಣದ ಜೊತೆ ಬಂದ ಸ್ಕ್ರಿಪ್ಟ್ ಸೆಲ್ ಆನ್ ಇರುವಾಗಲೇ ರಿಲೇ (ಚಾನೆಲ್ ಬದಲಿಸುವ ಸ್ವಿಚ್) ಬದಲಿಸುತ್ತಿತ್ತು. ವರ್ಕಿಂಗ್, ಕೌಂಟರ್, ರೆಫರೆನ್ಸ್, ಸೆನ್ಸ್ ನಾಲ್ಕೂ ತಂತಿ ಒಂದೇ ಕ್ಷಣಕ್ಕೆ ಬದಲಾಗುವುದಿಲ್ಲ. ವೋಲ್ಟೇಜ್ ತೋರಿಸುವ ರೆಫರೆನ್ಸ್ ತಂತಿ ಮೊದಲು ಬಿಟ್ಟುಕೊಂಡರೆ ಪೊಟೆನ್ಷಿಯೊಸ್ಟಾಟ್‌ಗೆ ಕಣ್ಣು ಕಟ್ಟಿದ ಹಾಗೆ. ವೋಲ್ಟೇಜ್ ಸರಿಪಡಿಸಲು ಹೋಗಿ ತನ್ನ ಪೂರ್ತಿ ಶಕ್ತಿ ಹಾಕುತ್ತದೆ. ಪಾಪ, ಸ್ಯಾಂಪಲ್ ಸುಮ್ನೆ ಹಾಳಾಗುತ್ತದೆ.

ಈಗಿನ ಕ್ರಮ: ಸೆಲ್ ಆಫ್, ರಿಲೇ ಬದಲು, ಸ್ವಲ್ಪ ಕಾಯುವುದು, ಓಪನ್ ಸರ್ಕ್ಯೂಟ್ ಪೊಟೆನ್ಷಿಯಲ್ (ಹೊರಗಿನಿಂದ ಕರೆಂಟ್ ಹರಿಸದಿದ್ದಾಗ ಇರುವ ವೋಲ್ಟೇಜ್) ಸ್ಥಿರವಾದ ಮೇಲೆ ಸೆಲ್ ಆನ್. ಆ ಪೊಟೆನ್ಷಿಯಲ್‌ನಿಂದ 30 ಮಿಲಿವೋಲ್ಟ್ ಕೆಳಗೆ ಶುರು ಮಾಡಿ 30 ಮೇಲಕ್ಕೆ, ಸೆಕೆಂಡಿಗೆ 0.167 ಮಿಲಿವೋಲ್ಟ್ ವೇಗದಲ್ಲಿ ಸ್ಕ್ಯಾನ್. ಒಂದು ಸೆಲ್‌ಗೆ ಸುಮಾರು 6 ನಿಮಿಷ. ಸರದಿ ಬರುವವರೆಗೆ ಉಳಿದ ಸೆಲ್‌ಗಳು ಓಪನ್ ಸರ್ಕ್ಯೂಟ್‌ನಲ್ಲೇ ಇರುತ್ತವೆ. ತುಕ್ಕಿನ ಪರೀಕ್ಷೆಗೆ ಅದೇ ಬೇಕಾದದ್ದು. ಎಲ್ಲ ಸೆಲ್‌ಗಳನ್ನೂ ಒಟ್ಟಿಗೆ ಒಂದು ವೋಲ್ಟೇಜ್‌ನಲ್ಲಿ ಹಿಡಿದಿಡಬೇಕು ಅನ್ನುವವರಿಗೆ ಈ ಪೆಟ್ಟಿಗೆ ಸಾಲದು, ಪ್ರತಿ ಚಾನೆಲ್‌ಗೂ ಬೇರೆ ಪೊಟೆನ್ಷಿಯೊಸ್ಟಾಟ್ ಇರುವ ಯಂತ್ರವೇ ಬೇಕು.

ಇಂಪಿಡೆನ್ಸ್ (ಎಸಿ ಕರೆಂಟ್‌ಗೆ ಸೆಲ್ ಒಡ್ಡುವ ತಡೆ) ಅಳತೆ ಮಾತ್ರ ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಇನ್ನೂ ಕೈಕೊಡುತ್ತಿದೆ. ಉದ್ದ ಕೇಬಲ್, ರಿಲೇ ಬೋರ್ಡ್ ಎರಡೂ ತಮ್ಮ ಕೆಪಾಸಿಟೆನ್ಸ್ ಸೇರಿಸುತ್ತವೆ. ಅದನ್ನು ಮಲ್ಟಿಪ್ಲೆಕ್ಸರ್ ಬಿಟ್ಟು ನೇರವಾಗಿ ಜೋಡಿಸಿ ಮಾಡುತ್ತಿದ್ದೇವೆ.