ಎರಡು ವಾರದ ಮರಿಗಳ ಕಾಲು ಸೊಟ್ಟಗಾಗುತ್ತಿದೆ: ಕೋಲೀನ್ ಕೊರತೆಯೇ?

ಪ್ರಶ್ನೆ:
ಮಾಂಸದ ತಳಿಯ ಕೋಳಿಮರಿಗಳಿಗೆ ನಾನೇ ಆಹಾರ ಬೆರೆಸುತ್ತೇನೆ. ನೂರು ಕಿಲೋದಲ್ಲಿ 70 ಕಿಲೋ ಮೆಕ್ಕೆಜೋಳ, 25 ಕಿಲೋ ಸೋಯಾ ಹಿಂಡಿ, ಉಳಿದದ್ದು ಖನಿಜ ಮತ್ತು ಜೀವಸತ್ವಗಳ ಪ್ರೀಮಿಕ್ಸ್. ಎರಡನೆಯ ವಾರ ಮುಗಿಯುವಷ್ಟರಲ್ಲಿ ಕೆಲವು ಮರಿಗಳ ಕಾಲಿನ ನಡುವಿನ ಕೀಲು ಚಪ್ಪಟೆಯಾಗಿ ಊದಿ, ಪಾದ ಹೊರಕ್ಕೆ ತಿರುಗಿದೆ; ಅವು ಕೀಲಿನ ಮೇಲೆಯೇ ಕುಳಿತು, ತೆವಳಿಕೊಂಡು ನೀರಿನ ಬಳಿಗೆ ಬರುತ್ತವೆ. ಪ್ರೀಮಿಕ್ಸ್ ಚೀಟಿಯಲ್ಲಿ ಕೋಲೀನ್ ಹೆಸರಿಲ್ಲ. ಜೀವಸತ್ವವೇ ಅಲ್ಲವೆನ್ನುವ ವಸ್ತು ಇಲ್ಲದಿದ್ದರೆ ಇಷ್ಟು ತೊಂದರೆಯಾಗುವುದುಂಟೇ?

ಉತ್ತರ 1:
ಖಂಡಿತ ಆಗುತ್ತದೆ. ಇದು ಪೆರೋಸಿಸ್ ಲಕ್ಷಣ. ಕೀಲಿನ ಹಿಂಬದಿಯ ಸ್ನಾಯುರಜ್ಜು ತನ್ನ ಜಾಗದಿಂದ ಪಕ್ಕಕ್ಕೆ ಜಾರಿರುತ್ತದೆ. ಬಿ12 ಎಂಬ ಜೀವಸತ್ವ ಮರಿಯ ಆಹಾರದಲ್ಲಿ ಕಿಲೋಗೆ 0.01 ಮಿಲಿಗ್ರಾಂ ಇದ್ದರೆ ಸಾಕು, ಆದರೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 1994ರಲ್ಲಿ ಮೊದಲ ಮೂರು ವಾರಗಳಿಗೆ ಸೂಚಿಸಿದ ಕೋಲೀನ್ ಪ್ರಮಾಣ 1,300 ಮಿಲಿಗ್ರಾಂ. ಕೋಲೀನನ್ನು ಜೀವಸತ್ವಗಳ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯುವುದು ಇದಕ್ಕೇ: ಅದು ಕ್ರಿಯೆಗೆ ನೆರವಾಗುವ ಚಿಟಿಕೆ ವಸ್ತುವಲ್ಲ, ಜೀವಕೋಶದ ಪೊರೆಯನ್ನು ಕಟ್ಟುವ ಸಾಮಗ್ರಿಯೇ ಆಗಿದೆ. ಯಕೃತ್ತಿನಿಂದ ಕೊಬ್ಬನ್ನು ಹೊರಸಾಗಿಸುವುದಕ್ಕೂ ಅದು ಬೇಕು. ಬೆಳೆದ ಕೋಳಿ ಅದನ್ನು ತಕ್ಕಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ, ಎಳೆಯ ಮರಿಗೆ ಆ ಶಕ್ತಿ ಸಾಲದು.

ಮೆಕ್ಕೆಜೋಳದಲ್ಲಿ ಕೋಲೀನ್ ಕಿಲೋಗೆ ಸುಮಾರು 620, ಸೋಯಾ ಹಿಂಡಿಯಲ್ಲಿ ಸುಮಾರು 2,700 ಮಿಲಿಗ್ರಾಂ ಎಂದು ಹಿಡಿದರೆ, ನಿಮ್ಮ ಮಿಶ್ರಣದಲ್ಲಿ ದೊರೆಯುವುದು ಸುಮಾರು 1,100. ಶೇ. 60ರ ಕೋಲೀನ್ ಕ್ಲೋರೈಡ್ ಪುಡಿಯನ್ನು ನೂರು ಕಿಲೋಗೆ 50 ಗ್ರಾಂನಷ್ಟು ಬೆರೆಸಿದರೆ ಈ ಕೊರತೆ ತುಂಬುತ್ತದೆ. ಆದರೆ ಅದನ್ನು ಪ್ರೀಮಿಕ್ಸ್ ಡಬ್ಬಿಗೆ ಸುರಿಯಬೇಡಿ. ತೇವವನ್ನು ಹೀರಿ ಅದು ಉಳಿದ ಜೀವಸತ್ವಗಳನ್ನು ಕೆಡಿಸುತ್ತದೆ. ಪ್ರೀಮಿಕ್ಸ್‌ನಲ್ಲಿ ಅದರ ಹೆಸರಿಲ್ಲದಿರಲು ಇದೂ ಒಂದು ಕಾರಣ.

ಉತ್ತರ 2:
ಕೋಲೀನಿನ ಬದಲು ಬೀಟೈನ್ (ಕೋಲೀನಿನಿಂದ ದೇಹದಲ್ಲಿ ಆಗುವ ವಸ್ತು) ಕೊಟ್ಟರೆ ಸಾಕೆಂದು ಹಲವರು ಹೇಳುತ್ತಾರೆ, ಆದರೆ ಆ ಮಾತು ಅರ್ಧ ಮಾತ್ರ ನಿಜ. ದೇಹದ ರಾಸಾಯನಿಕ ಕ್ರಿಯೆಗಳಿಗೆ ಬೇಕಾದ ಮೀಥೈಲ್ ಗುಂಪನ್ನು (ಇಂಗಾಲದ ಒಂದು ಸಣ್ಣ ತುಣುಕನ್ನು) ಒದಗಿಸುವ ಕೆಲಸದಲ್ಲಿ ಬೀಟೈನ್ ನೆರವಾಗುತ್ತದೆ. ಪೊರೆ ಕಟ್ಟುವ ಕೆಲಸದಲ್ಲಿ ಅದು ಕೋಲೀನಿನ ಸ್ಥಾನ ತುಂಬಲಾರದು, ಆದ್ದರಿಂದ ಪೆರೋಸಿಸ್ ತಡೆಯಲು ಅದನ್ನು ನೆಚ್ಚಬಾರದು.

ಉತ್ತರ 3:
ಕೋಲೀನ್ ಒಂದನ್ನೇ ದೂರುವ ಮೊದಲು ಚೀಟಿಯಲ್ಲಿ ಮ್ಯಾಂಗನೀಸ್ ಎಷ್ಟಿದೆ ಎಂದು ನೋಡಿ. ಆಹಾರದಲ್ಲಿ ಕಿಲೋಗೆ 60 ಮಿಲಿಗ್ರಾಂ ಇರಬೇಕು. ಅದು ಕಡಿಮೆಯಾದರೂ, ಬಯೋಟಿನ್ ಅಥವಾ ಫೋಲಿಕ್ ಆಮ್ಲ ಸಾಲದಿದ್ದರೂ ಕಾಲು ಹೀಗೆಯೇ ತಿರುಗುತ್ತದೆ. ರಜ್ಜು ಜಾರಿಹೋದ ಮರಿಗಳು, ಬೇಸರದ ಸಂಗತಿಯಾದರೂ, ಪೂರಕ ಕೊಟ್ಟ ಮಾತ್ರಕ್ಕೆ ನೆಟ್ಟಗೆ ನಿಲ್ಲುವುದಿಲ್ಲ. ಅವನ್ನು ಬೇರ್ಪಡಿಸಿ, ನೀರು ಮತ್ತು ಮೇವು ಅವುಗಳ ಕೊಕ್ಕಿಗೆ ಎಟಕುವಂತೆ ತಗ್ಗಿನಲ್ಲಿಡಿ. ಉಳಿದ ಮರಿಗಳ ಆಹಾರವನ್ನು ಇಂದೇ ಸರಿಪಡಿಸಿ.